ಅಳತೆ ತೆಗೆದ ಡಾಕ್ಟರು

ಡಾಕ್ಟರ ಹತ್ತಿರ ಹೋದರೆ ಬಾಯಿ ಬಿಟ್ಟು ಮಾತಾಡಬೇಕಾಗುತ್ತದಲ್ಲ.

ಬೆಕ್ಕಿಗೆ ಹುಷಾರಿಲ್ಲ ಎಂದು ತಿಳಿದ ಬೆಳಿಗ್ಗೆ ದರ್ಜಿಯ ಮಗಳ ಮನಸ್ಸಿಗೆ ಮೊದಲು ಬಂದ ಚಿಂತೆ ಇದು. ಬೆಕ್ಕಿಗೆ ಏನಾಗಿಹೋಗುತ್ತದೋ ಎಂಬ ಚಿಂತೆ ಅದರ ಹಿಂದೆ ಬಂತು. ಎರಡೂ ಹೀಗೆ ಹಿಂದುಮುಂದಾಗಿ ಬಂದವಲ್ಲ ಎಂದು ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ಯಾರಿಗೂ ಹೇಳಲಿಲ್ಲ. ಹೇಳದೆ ಇರುವುದು ಅವಳಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ.

ಪದವಿ ಮುಗಿಸಿದ ಹುಡುಗಿ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಆದರೆ ಅಂಗಡಿಗೆ ಗಿರಾಕಿ ಬಂದರೆ ಪರದೆಯ ಹಿಂದೆ ಸರಿದುಬಿಡುತ್ತಾಳೆ. ಅಪ್ಪ ಬಂದವರಿಗೆಲ್ಲ ನಗುತ್ತ ಹೇಳುವುದುಂಟು: "ನನ್ನ ಮಗಳ ಬಾಯಿಗೆ ದೇವರು ಗುಂಡಿ ಹಾಕಿ ಕಳಿಸಿದ್ದಾನೆ. ಬಿಚ್ಚೋದು ಹೇಗೆ ಅಂತ ಮಾತ್ರ ಹೇಳಿ ಕಳಿಸಿಲ್ಲ."

ಮುಂದೆ ಅಂಗಡಿ, ಹಿಂದೆ ಮನೆ. ಅಪ್ಪ ಕತ್ತರಿಸಿ ಹೊಲಿಯುತ್ತಾನೆ. ಅಮ್ಮ ಕಾಜಾ ಮಾಡಿ ಗುಂಡಿ ಹಾಕುತ್ತಾಳೆ. ಕೋಟಿಗೆ ಮಿಷಿನ್ ಹೊಲಿಗೆ ಬೀಳುವ ಮೊದಲು ಕೈಯಿಂದ ಉದ್ದುದ್ದ ಕಚ್ಚಾ ಹೊಲಿಗೆ ಹಾಕುತ್ತಾರೆ. ಎದ್ದು ಕಾಣಲಿ ಎಂದು ಅದಕ್ಕೆ ಕೆಂಪು ದಾರ. ಕೋಟು ಮುಗಿದ ಮೇಲೆ ಆ ದಾರವನ್ನು ಎಳೆದು ತೆಗೆದು, ತುಂಡುಗಳನ್ನೆಲ್ಲ ತಗಡಿನ ಡಬ್ಬಕ್ಕೆ ಹಾಕುವುದು ಮಗಳ ಕೆಲಸ. ಈ ಮೂವರ ನಡುವೆ ಕೆಲಸವೇ ಇಲ್ಲದೆ ಬದುಕಿದ್ದದ್ದು ಬಾಬಿನ್ ಒಂದೇ. ಬೂದುಬಣ್ಣದ ಬೆಕ್ಕು, ನಾಲ್ಕೂ ಪಾದ ಬಿಳಿ. ಮರಿಯಾಗಿದ್ದಾಗ ದಾರ ಸುತ್ತಿದ ಬಾಬಿನ್ನಿನ ಹಾಗೆ ಸುರುಳಿ ಸುತ್ತಿಕೊಂಡು ಮಿಷಿನ್ನಿನ ಖಾನೆಯಲ್ಲಿ ಮಲಗಿದ್ದನ್ನು ನೋಡಿ ಅಪ್ಪ ಇಟ್ಟ ಹೆಸರು.

ಬಾಬಿನ್‌ಗೆ ಅಂಗಡಿಯಲ್ಲಿ ಒಂದೇ ಕಟ್ಟುಪಾಡು: ಕೆಲಸದ ಮೇಜು ಹತ್ತಕೂಡದು. ಹತ್ತಿದ ದಿನ ಬಟ್ಟೆ ವ್ಯಾಪಾರಿಯ ಗೋದಾಮಿಗೆ ಇಲಿ ಹಿಡಿಯಲು ಕಳಿಸುವುದು ಎಂದು ಅಮ್ಮ ಹೇಳಿಬಿಟ್ಟಿದ್ದಳು. ಅಮ್ಮ ಹೇಳಿದರೆ ಮಾಡುವವಳು.

ನಿನ್ನೆ ಮಧ್ಯಾಹ್ನ ಅಪ್ಪ ಅಮ್ಮ ಒಳಗೆ ಊಟಕ್ಕೆ ಕೂತಿದ್ದರು. ಮಗಳು ಒಬ್ಬಳೇ ಒಂದು ಕೋಟಿನ ಕಚ್ಚಾ ದಾರ ಎಳೆಯುತ್ತಿದ್ದಳು. ಬಾಬಿನ್ ಮೇಜು ಹತ್ತಿತು. ಅವಳು ಇಳಿಸಲಿಲ್ಲ. ಒಂಟಿಯಾಗಿದ್ದಾಗ ಅವಳು ಅದನ್ನು ಇಳಿಸುತ್ತಲೇ ಇರಲಿಲ್ಲ. ದಾರದ ತುದಿ ಅದರ ಮೂಗಿನ ಮುಂದೆ ಆಡಿತು, ಅದು ಪಂಜ ಹಾಕಿತು, ಕಚ್ಚಿತು. ಅವಳು ಕೋಟಿನ ಕಾಲರಿನ ಕಡೆ ತಿರುಗಿ ಮತ್ತೆ ಈ ಕಡೆ ನೋಡುವಾಗ ಕೆಂಪು ಎಳೆಯ ತುದಿಯೊಂದು ಬೆಕ್ಕಿನ ತುಟಿಯೊಳಗೆ ಸರಿದು ಮಾಯವಾದ ಹಾಗೆ ಕಂಡಿತು. ಕಂಡಿತೋ, ಕಂಡ ಹಾಗೆ ಅನಿಸಿತೋ? ಮೇಜಿನ ಕೆಳಗೆ ಬಗ್ಗಿ ಹುಡುಕಿದಳು. ಕೆಂಪು ದಾರ ಬೇಕಾದಷ್ಟು ಸಿಕ್ಕಿತು. ದರ್ಜಿಯ ನೆಲದಲ್ಲಿ ಸಿಗದೆ ಇನ್ನೆಲ್ಲಿ ಸಿಗಬೇಕು. ಅವುಗಳಲ್ಲಿ ಆ ಎಳೆ ಯಾವುದು? ಇದೇ ಇರಬೇಕು ಎಂದುಕೊಂಡು ಒಂದನ್ನು ಎತ್ತಿ ಡಬ್ಬಕ್ಕೆ ಹಾಕಿದಳು. ಎಲ್ಲವನ್ನೂ ಹಾಕಿದಳು. ಬಾಬಿನ್ ಮೂತಿ ನೆಕ್ಕಿಕೊಂಡು ಇಳಿದುಹೋಯಿತು.

ಇವತ್ತು ಬೆಳಿಗ್ಗೆ ಅದು ತಟ್ಟೆಯ ಹತ್ತಿರ ಬರಲಿಲ್ಲ. ಬೆನ್ನು ಗೂನು ಮಾಡಿಕೊಂಡು ಮಿಷಿನ್ನಿನ ಪೆಡಲ್ ಹಿಂದೆ ಕೂತಿತ್ತು. ಆಮೇಲೆ ಎದ್ದು ಬಂದು, ಕತ್ತರಿಸಿಟ್ಟಿದ್ದ ಪ್ಯಾಂಟಿನ ಬಟ್ಟೆಯ ಮೇಲೆ ಹಳದಿ ನೊರೆ ಕಾರಿತು.

"ಹೋಯ್ತು ಪ್ಯಾಂಟು," ಎಂದಳು ಅಮ್ಮ.

ಅಮ್ಮನ ಲೆಕ್ಕದಲ್ಲಿ ಬೆಕ್ಕಿಗೆ ಡಾಕ್ಟರು ಎನ್ನುವುದೇ ನಗೆಪಾಟಲು. ಬೆಕ್ಕು ಎಲ್ಲಿಂದ ಬಿದ್ದರೂ ಕಾಲಮೇಲೇ ನಿಲ್ಲುವ ಪ್ರಾಣಿ. ಎಲ್ಲಿಯೋ ಹೋಗಿ ಒಂದಿಷ್ಟು ಹುಲ್ಲು ತಿಂದು ಬರುತ್ತದೆ, ಅದರ ಕಾಯಿಲೆಗೆ ಅದೇ ವೈದ್ಯ. ಹಾಗೆ ಹೇಳುತ್ತಲೇ ಅವಳು ಮೂರು ಸಲ ಬಗ್ಗಿ ಪೆಡಲ್ ಹಿಂದೆ ನೋಡಿದಳು. ಕಾಜಾ ಮಾಡುವಾಗ ಬಾಬಿನ್ ಮಲಗುತ್ತಿದ್ದದ್ದು ಅವಳ ಮಡಿಲಲ್ಲೇ.

ಅಂಗಡಿ ತೆರೆದ ಮೇಲೆ ವಿಷಯ ಬೀದಿಗೆ ಬಿತ್ತು. ಬೀದಿಗೆ ಬಿದ್ದ ಮೇಲೆ ಕೇಳಬೇಕೇ, ಆಳಿಗೊಂದು ಮಾತು. ಪಕ್ಕದ ಇಸ್ತ್ರಿಯವನು ತಾನು ಜ್ವರಕ್ಕೆ ನುಂಗುವ ಮಾತ್ರೆಯನ್ನೇ ತಂದು ಕೊಟ್ಟ. ಅರ್ಧ ಮುರಿದು ಹಾಕಿ, ಮನುಷ್ಯನಿಗೆ ಆಗುವುದು ಬೆಕ್ಕಿಗೆ ಆಗುವುದಿಲ್ಲವೇ ಎಂದ. ಹೊಲಿಸಿದ ಕೋಟು ಒಯ್ಯಲು ಬಂದ ನಿವೃತ್ತ ಮೇಷ್ಟ್ರು ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಒಂದು ಜಾಗವಿದೆ, ಬೋರ್ಡಿನ ಮೇಲೆ ಕುದುರೆಯಷ್ಟು ದೊಡ್ಡ ನಾಯಿಯ ಚಿತ್ರವಿದೆ, ಅಲ್ಲಿಗೇ ಹೋಗಿ ಎಂದರು. ಅವರ ಮನೆಯಲ್ಲಿ ಪ್ರಾಣಿ ಇದೆಯೇ ಎಂದರೆ ಇಲ್ಲ, ಬೋರ್ಡು ನೋಡಿದ್ದಾರೆ. ಹಣ್ಣಿನ ಗಾಡಿಯವಳು ಎಲ್ಲಿಗೂ ಹೋಗಬೇಡಿ, ಡಾಕ್ಟರ ಹತ್ತಿರ ಹೋದ ಬೆಕ್ಕುಗಳೇ ಬೇಗ ಸಾಯುವುದು ಎಂದಳು. ಎಷ್ಟು ಬೆಕ್ಕು ಸತ್ತಿದ್ದು ನೋಡಿದ್ದೀ ಎಂದು ಅಪ್ಪ ಕೇಳಿದರೆ, ನೋಡಿಲ್ಲ, ಕೇಳಿದ್ದೇನೆ ಎಂದಳು.

ಮಗಳು ಪರದೆಯ ಹಿಂದೆ ಕೂತು ಫೋನಿನಲ್ಲಿ ಹುಡುಕಿದಳು. ಹುಡುಕಿದಷ್ಟೂ ತಲೆ ಚಿಟ್ಟು ಹಿಡಿಯಿತು. ಹತ್ತಿರದಲ್ಲೇ ಇಷ್ಟೊಂದು ಕ್ಲಿನಿಕ್ಕುಗಳಿವೆ ಎನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಒಂದರ ಬಗ್ಗೆ ಯಾರೋ ದೇವರಂಥ ಡಾಕ್ಟರು ಎಂದು ಬರೆದಿದ್ದರೆ, ಅದರ ಕೆಳಗೇ ಇನ್ಯಾರೋ ಕಾಲಿಡಬೇಡಿ ಎಂದು ಬರೆದಿದ್ದರು. ಇನ್ನೊಂದಕ್ಕೆ ಒಬ್ಬರು ಐದು ನಕ್ಷತ್ರ ಕೊಟ್ಟಿದ್ದರು. ಯಾಕೆಂದರೆ ಅಲ್ಲಿ ಗಾಡಿ ನಿಲ್ಲಿಸಲು ಜಾಗವಿದೆಯಂತೆ. ಮತ್ತೊಂದನ್ನು ಹೊಗಳಿದವರು ತಮ್ಮ ಗಿಳಿಯ ಉಗುರು ಕತ್ತರಿಸಿದ್ದನ್ನು ಹೊಗಳಿದ್ದರು. ಏನೂ ಗೊತ್ತಿಲ್ಲದಿದ್ದಾಗ ಒಂದೇ ಕಷ್ಟವಿತ್ತು. ಈಗ ಎಲ್ಲ ಗೊತ್ತಾಗಿ ಹತ್ತು ಕಷ್ಟವಾಯಿತು.

ಮತ್ತೆ ಈ ಎಲ್ಲದರ ಕೆಳಗೆ, ಕೋಟಿನ ಒಳಬಟ್ಟೆಯ ಹಾಗೆ, ಆ ಕೆಂಪು ಎಳೆ. ಹೇಳಲೇ? ಹೇಳಿದರೆ ಗೋದಾಮು. ಹೇಳದಿದ್ದರೆ? ಅದು ಏನೂ ಅಲ್ಲದಿರಬಹುದು. ನುಂಗಿಯೇ ಇರಲಿಕ್ಕಿಲ್ಲ. ನುಂಗಿದರೂ ದಾರ ತಾನೇ, ಕಲ್ಲೇನಲ್ಲವಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ಗಾದೆ. ಈ ಮನೆಯಲ್ಲಿ ಕಣ್ಣು ಮುಚ್ಚಿಕೊಂಡವಳು ಬೆಕ್ಕಿನ ಒಡತಿ.

ಅಷ್ಟರಲ್ಲಿ ಬಸ್ಸಿನ ಕಂಡಕ್ಟರಮ್ಮ ಬಂದಳು. ಯೂನಿಫಾರ್ಮಿನ ತೋಳು ಚಿಕ್ಕದು ಮಾಡಿಸಬೇಕಿತ್ತು. ದನಿ ಎಂದರೆ ಹಿಂದಿನ ಬಾಗಿಲಿನಿಂದ ಮುಂದಿನ ಸೀಟಿಗೆ ಕೇಳಬೇಕಾದ ದನಿ. ಆಕೆಯ ಮನೆಯಲ್ಲಿ ಒಂಟಿಕಿವಿ ಎಂಬ ಮುದಿ ನಾಯಿಯಿರುವುದು ಎಲ್ಲರಿಗೂ ಗೊತ್ತು. ಅಪ್ಪ ಅವಳ ತೋಳಿಗೆ ಟೇಪು ಹಿಡಿಯುತ್ತಲೇ ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದ. ಮೇಷ್ಟ್ರ ಮಾತು, ಗಾಡಿಯವಳ ಮಾತು, ಮಾತ್ರೆ, ಎಲ್ಲವೂ.

ಕಂಡಕ್ಟರಮ್ಮ ಮೊದಲು ಮಾಡಿದ ಕೆಲಸ ಮಾತ್ರೆಯನ್ನು ತೆಗೆದು ಇಸ್ತ್ರಿಯವನಿಗೆ ವಾಪಸ್ ಕೊಟ್ಟದ್ದು. ಮನುಷ್ಯರ ಜ್ವರದ ಮಾತ್ರೆ ಬೆಕ್ಕಿಗೆ ವಿಷ, ಚೂರು ಹೋದರೂ ಜೀವಕ್ಕೇ ಸಂಚಕಾರ ಎಂದು ಒಂಟಿಕಿವಿಯ ಡಾಕ್ಟರೇ ಹೇಳಿದ್ದರಂತೆ. ಹಾಗಾದರೆ ಬಾಬಿನ್‌ಗೆ ಏನಾಗಿದೆ ಎಂದು ಅಪ್ಪ ಕೇಳಿದ.

"ನಂಗೇನು ಗೊತ್ತಣ್ಣ? ನಾನು ಟಿಕೆಟ್ ಕೊಡೋಳು. ಬಸ್ ಎಲ್ಲಿಗೆ ಹೋಗುತ್ತೆ ಅಂತ ಹೇಳ್ತೀನಿ, ಓಡಿಸಲ್ಲ."

"ಯಾವ ಡಾಕ್ಟರು ಒಳ್ಳೆಯವರು ಅಂತ ಹೇಗೆ ತಿಳಿಯೋದಮ್ಮ? ನಮಗೆ ಅದರ ಗಂಧಗಾಳಿ ಇಲ್ಲ."

"ದರ್ಜಿಯಾಗಿ ಹೀಗೆ ಕೇಳ್ತೀರಲ್ಲ. ಈಗ ಒಬ್ಬ ದರ್ಜಿ ಇದ್ದಾನೆ ಅನ್ಕೊಳ್ಳಿ. ನನ್ನ ಕಡೆ ಕತ್ತೆತ್ತಿ ನೋಡಲ್ಲ. ಟೇಪು ಮುಟ್ಟಲ್ಲ. ಹೋಗಿ, ನಾಳೆ ಬನ್ನಿ, ಅಂಗಿ ರೆಡಿ ಅಂತಾನೆ. ನೀವು ಏನಂತೀರಿ?"

"ಅವನು ಹೊಲಿಯೋದು ಅಂಗಿ ಅಲ್ಲ, ಚೀಲ ಅಂತೀನಿ."

"ಡಾಕ್ಟರೂ ಅಷ್ಟೇ. ಅಳತೆ ತೆಗೀತಾರಾ ನೋಡಿ."

ಅಪ್ಪನ ಕೈಯಲ್ಲಿದ್ದ ಟೇಪು ಅಲ್ಲೇ ನಿಂತಿತು. ಅಮ್ಮ ಮಾತ್ರ ಸೋಲಲಿಲ್ಲ. "ಅಳತೆ ಕೊಡೋಕೆ ಬೆಕ್ಕು ಕೈ ಅಗಲಿಸಿ ನಿಲ್ಲುತ್ತಾ?" ಎಂದಳು.

ಆಮೇಲೆ ಕಂಡಕ್ಟರಮ್ಮ ಹೇಳಿದ್ದು ಬಹಳ. ಪ್ರಾಣಿಯನ್ನು ತೂಗುತ್ತಾರಾ, ಮುಟ್ಟಿ ನೋಡುತ್ತಾರಾ. ಏನು ತಿಂದಿತು, ಯಾವಾಗಿನಿಂದ ಹೀಗೆ, ಲಸಿಕೆ ಆಗಿದೆಯಾ ಎಂದು ಕೇಳುತ್ತಾರಾ. ಕೇಳಿ, ಉತ್ತರ ಬರುವವರೆಗೆ ಕಾಯುತ್ತಾರಾ. ಪಶುವೈದ್ಯರು ಎನ್ನುವುದಕ್ಕೆ ಗೋಡೆಯ ಮೇಲೆ ನೋಂದಣಿ ಪತ್ರ ಇದೆಯಾ, ಇಲ್ಲದಿದ್ದರೆ ಕೇಳುವುದಕ್ಕೆ ಸಂಕೋಚ ಬೇಡ. ಮೇಜು ಒರೆಸಿದೆಯಾ. ಖರ್ಚು ಹೇಗೆ ಎಂದು ಮೊದಲೇ ಬಾಯಿಬಿಟ್ಟು ಹೇಳುತ್ತಾರಾ. ಬಾಗಿಲು ಹಾಕಿರುವ ಹೊತ್ತಿನಲ್ಲಿ ಜೀವ ಹೋಗುವ ಹಾಗಾದರೆ ಯಾರಿಗೆ ಫೋನು ಮಾಡಬೇಕು ಎಂದು ತಿಳಿಸುತ್ತಾರಾ. ಎಲ್ಲಕ್ಕಿಂತ ದೊಡ್ಡದು, ತಮ್ಮ ಕೈಲಾಗದ ಕೆಲಸವನ್ನು ಆಗುವುದಿಲ್ಲ ಎನ್ನುತ್ತಾರಾ. ಒಳ್ಳೆಯ ದರ್ಜಿ ತನಗೆ ಬಾರದ ಚರ್ಮದ ಕೋಟನ್ನು ಹಿಡಿದಿಟ್ಟುಕೊಂಡು ಹಾಳು ಮಾಡುವುದಿಲ್ಲವಲ್ಲ, ಗೊತ್ತಿರುವವರ ಹತ್ತಿರ ಕಳಿಸುತ್ತಾನಲ್ಲ, ಹಾಗೆ.

ಮುಂಚೆ ಅವಳಿಗೂ ಇದೆಲ್ಲ ಗೊತ್ತಿರಲಿಲ್ಲ. ಒಂಟಿಕಿವಿಗಿಂತ ಮೊದಲು ಇನ್ನೊಂದು ನಾಯಿ ಇತ್ತು. ಅದು ನೆಲಕ್ಕೆ ಬಿದ್ದ ದಿನ ಅವಳು ಅದನ್ನು ಎತ್ತಿಕೊಂಡು, ಡಾಕ್ಟರು ಎಲ್ಲಿ ಎಂದು ಬೀದಿ ಬೀದಿ ಕೇಳಿಕೊಂಡು ಓಡಿದ್ದಳು. ಕೊನೆಗೂ ಒಂದು ಬಾಗಿಲು ಸಿಕ್ಕಿತು. ಅಷ್ಟು ಹೊತ್ತಿಗೆ ತೋಳಿನಲ್ಲಿದ್ದದ್ದು ಉಸಿರಿಲ್ಲದ ಭಾರವಾಗಿತ್ತು.

"ಬೆಂಕಿ ಬಿದ್ದ ಮೇಲೆ ಬಾವಿ ತೋಡೋಕೆ ಹೋದೆ," ಎಂದಳು. ಇದೊಂದು ಮಾತನ್ನು ಮಾತ್ರ ಮುಂದಿನ ಸೀಟಿಗೆ ಕೇಳದ ಹಾಗೆ ಹೇಳಿದಳು.

ಅಮ್ಮ ಸೂಜಿ ಕೆಳಗಿಟ್ಟು ಒಳಗೆ ಹೋದಳು. ಬರುವಾಗ ಮುಚ್ಚಳವಿದ್ದ ಬೆತ್ತದ ಬುಟ್ಟಿ ಅವಳ ಕೈಯಲ್ಲಿತ್ತು. ಹಳೆಯ ಶಾಲು ಹಾಸಿ ಬಾಬಿನ್ ಅನ್ನು ಒಳಗಿಟ್ಟಳು. ಯಾರ ಮುಖವನ್ನೂ ನೋಡದೆ, ತಾನು ನಂಬಿಕೆಯಿಟ್ಟು ಬರುತ್ತಿಲ್ಲ, ಏನು ಮಾಡುತ್ತಾರೋ ನೋಡಲು ಬರುತ್ತಿದ್ದೇನೆ ಎಂದು ಹೇಳಿಕೊಂಡಳು. ಹಗಲು ಹೊತ್ತಿನಲ್ಲಿ ಎಂದೂ ತೂಗದ 'ಈಗ ಬರುತ್ತೇವೆ' ಬೋರ್ಡನ್ನು ಅಪ್ಪ ಬಾಗಿಲಿಗೆ ತೂಗುಹಾಕಿದ.

ಮೊದಲು ಗಾಜಿನ ಬಾಗಿಲಿಗೆ ಹೋದರು. ಕಂಡಕ್ಟರಮ್ಮ ತನ್ನ ಡಾಕ್ಟರ ದಾರಿ ಹೇಳಿದ್ದಳು ನಿಜ, ಆದರೆ ದೊಡ್ಡ ರಸ್ತೆಯದು ದಾರಿಯಲ್ಲೇ ಸಿಕ್ಕಿತು, ಮೇಷ್ಟ್ರು ಬೇರೆ ಹೇಳಿದ್ದರು. ಒಳಗೆ ತಣ್ಣನೆ ಗಾಳಿ, ಸಾಲು ಸಾಲು ಬಣ್ಣದ ಪೊಟ್ಟಣಗಳು, ಕೊರಳಪಟ್ಟಿಗಳು. ಮೂಲೆಯಲ್ಲಿ ಸ್ನಾನವಾದ ಒಂದು ನಾಯಿಗೆ ಗಾಳಿಯಂತ್ರ ಹಿಡಿದು ಒಣಗಿಸುತ್ತಿದ್ದರು. ಬಿಳಿ ಕೋಟು ತೊಟ್ಟ ಒಬ್ಬಾತ ಕೌಂಟರಿನಲ್ಲಿದ್ದ. ಅಮ್ಮ ವಾಂತಿ ಎಂದಳು. ಆತ ಹಿಂದೆ ತಿರುಗಿ ಒಂದು ಬಾಟಲಿ ತೆಗೆದಿಟ್ಟ.

ಮಗಳಿಗೆ ಎದೆ ಹಗುರವಾಯಿತು. ಯಾರೂ ಏನೂ ಕೇಳಲಿಲ್ಲ. ಬಾಯಿ ಬಿಡಬೇಕಾಗಲಿಲ್ಲ. ಈ ಬಾಟಲಿ ಹಿಡಿದುಕೊಂಡು ಮನೆಗೆ ಹೋಗಿಬಿಟ್ಟರೆ ಆ ಎಳೆಯ ಮಾತು ಅವಳೊಳಗೇ ಉಳಿಯುತ್ತದೆ. ಎಷ್ಟು ಒಳ್ಳೆಯ ಜಾಗ ಎನಿಸಿತು. ಬುಟ್ಟಿಯೊಳಗೆ ಬಾಬಿನ್ ಮತ್ತೆ ಓಕರಿಸಿದ ಸದ್ದಾಯಿತು. ಒಳ್ಳೆಯದು ಎನಿಸಿದ್ದು ತನಗೋ ಬೆಕ್ಕಿಗೋ ಎಂದು ಅವಳಿಗೆ ಥಟ್ಟನೆ ಗೊಂದಲವಾಯಿತು.

ಅಪ್ಪ ಬಾಟಲಿ ಮುಟ್ಟದೆ ನಿಂತಿದ್ದ. "ಬುಟ್ಟಿ ತೆಗೆದು ನೋಡಲ್ವಾ?"

"ಬೇಕಾಗಿಲ್ಲ ಸಾರ್. ವಾಂತಿ ಅಂದ್ರೆ ಎಲ್ಲ ಬೆಕ್ಕಿಗೂ ಇದೇ."

"ಡಾಕ್ಟರು ನೀವೇನಾ?"

ಡಾಕ್ಟರು ವಾರಕ್ಕೊಮ್ಮೆ ಬರುತ್ತಾರೆ, ತಾನು ಅಂಗಡಿ ನೋಡಿಕೊಳ್ಳುವವನು ಎಂದು ಆತ ಮುಚ್ಚುಮರೆಯಿಲ್ಲದೆ ಹೇಳಿದ.

"ನಾವು ಎಲ್ಲರಿಗೂ ಒಂದೇ ಅಳತೆ ಅಂಗಿ ಹೊಲಿಯಲ್ಲಪ್ಪ," ಎಂದು ಅಪ್ಪ ಬಾಗಿಲ ಕಡೆ ತಿರುಗಿದ. ನಾಯಿಗೆ ಸ್ನಾನ ಮಾಡಿಸಲು ಆ ಜಾಗ ಚೆನ್ನಾಗಿಯೇ ಇತ್ತು. ಇವರು ಬಂದದ್ದು ಸ್ನಾನಕ್ಕಲ್ಲ.

ಕಂಡಕ್ಟರಮ್ಮ ಹೇಳಿದ ಕ್ಲಿನಿಕ್ ಹಿಂದಿನ ಬೀದಿಯಲ್ಲಿತ್ತು. ಒಂದು ಕಡೆ ಸೈಕಲ್ ರಿಪೇರಿ, ಇನ್ನೊಂದು ಕಡೆ ಬೀಗದ ಕೈ ಮಾಡುವವನು. ಬೋರ್ಡಿನಲ್ಲಿ ನಾಯಿಯೂ ಇಲ್ಲ ಬೆಕ್ಕೂ ಇಲ್ಲ, ಹೆಸರು, ಹೊತ್ತು, ಬಾಗಿಲು ಹಾಕಿದಾಗ ಕರೆಯಬೇಕಾದ ಫೋನ್ ನಂಬರು. ಒಳಗೆ ಎರಡು ಬೆಂಚು, ನಡುವೆ ಒಂದು ಪರದೆ. ನಾಯಿ ತಂದವರು ಆ ಕಡೆ, ಬೆಕ್ಕು ತಂದವರು ಈ ಕಡೆ. ಒರೆಸಿದ ನೆಲ ಇನ್ನೂ ಆರಿರಲಿಲ್ಲ. ಗೋಡೆಯ ಮೇಲೆ ನೋಂದಣಿ ಪತ್ರ. ಅಮ್ಮನ ಕಣ್ಣು ಎಲ್ಲವನ್ನೂ ಸುತ್ತಿ ಬಂದು ಪರದೆಯ ಮೇಲೆ ನಿಂತಿತು. ಹೊಲಿಗೆ ವಾರೆಯಾಗಿದೆ ಎಂದಳು. ಬೇರೆ ಏನೂ ತಪ್ಪು ಸಿಗದ ಬೇಸರ ಅವಳ ದನಿಯಲ್ಲಿತ್ತು.

ಡಾಕ್ಟರು ಹೆಂಗಸು. ಕೂದಲು ನರೆತಿತ್ತು, ಕನ್ನಡಕ ದಾರದಲ್ಲಿ ನೇತಾಡುತ್ತಿತ್ತು. ಮೊದಲು ಕೈ ತೊಳೆದರು. ಆಮೇಲೆ ಬುಟ್ಟಿಯ ಮುಚ್ಚಳ ತೆಗೆದು, ಬಾಬಿನ್ ತಾನಾಗಿ ತಲೆ ಎತ್ತುವವರೆಗೆ ಬೆರಳು ಚಾಚಿಕೊಂಡು ನಿಂತರು. ಬಳಿಕ ಅದನ್ನು ಎತ್ತಿ ತಕ್ಕಡಿಯ ಮೇಲಿಟ್ಟರು. ಅಪ್ಪ ಅಮ್ಮನನ್ನು ಮೊಣಕೈಯಿಂದ ತಿವಿದ. ಅಳತೆ.

ಡಾಕ್ಟರು ಜ್ವರ ನೋಡಿದರು, ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿದರು, ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಗುರವಾಗಿ ಒತ್ತಿದರು. ಒಂದು ಕಡೆ ಒತ್ತಿದಾಗ ಬಾಬಿನ್ ಗುರ್ರೆಂದಿತು. ಬಾಯಿ ತೆಗೆಸಲು ಹೋದರೆ ಪಂಜ ಬೀಸಿತು. ಡಾಕ್ಟರು ಬಲವಂತ ಮಾಡಲಿಲ್ಲ. ನಾಲಿಗೆಯ ಬುಡದವರೆಗೆ ನೋಡಬೇಕೆಂದರೆ ಮತ್ತು ಬರುವ ಇಂಜೆಕ್ಷನ್ ಕೊಡಬೇಕು, ಇಷ್ಟು ಬಳಲಿದ ಪ್ರಾಣಿಗೆ ಕಾರಣವಿಲ್ಲದೆ ಹಾಗೆ ಮಾಡುವುದಿಲ್ಲ ಎಂದರು.

ಆಮೇಲೆ ಅವರು ಕೂತುಕೊಂಡು ಬಿಡಿಸಿ ಹೇಳಿದರು. "ಎರಡು ದಾರಿ ಇದೆ. ಬರೀ ಹೊಟ್ಟೆ ಕೆಟ್ಟಿದ್ದರೆ ವಾಂತಿ ನಿಲ್ಲೋಕೆ ಇಂಜೆಕ್ಷನ್ ಕೊಟ್ಟು ನಾಳೆವರೆಗೆ ನೋಡೋಣ. ಏನಾದ್ರೂ ನುಂಗಿದ್ದರೆ ಆ ಇಂಜೆಕ್ಷನ್ ವಾಂತೀನ ಮಾತ್ರ ಮುಚ್ಚುತ್ತೆ, ಒಳಗೆ ಕರುಳು ಹಾಳಾಗ್ತಾ ಹೋಗುತ್ತೆ. ಆಗ ನಾಳೆವರೆಗೆ ಕಾಯೋ ಹಾಗಿಲ್ಲ. ಆಪರೇಷನ್ ಬೇಕಾಗಬಹುದು, ಅದು ನನ್ನ ಹತ್ತಿರ ಆಗಲ್ಲ, ದೊಡ್ಡ ಆಸ್ಪತ್ರೆಗೆ ನಾನೇ ಫೋನ್ ಮಾಡಿ ಕಳಿಸ್ತೀನಿ. ಅದಕ್ಕೇ ಕೇಳ್ತಿದ್ದೀನಿ. ಮನೆಯಲ್ಲಿ ರಬ್ಬರ್, ಗುಂಡಿ, ದಾರ, ಇಂಥದ್ದೇನಾದ್ರೂ ಅದಕ್ಕೆ ಸಿಕ್ಕಿರಬಹುದಾ?"

ತನ್ನ ಕೈಲಾಗದ್ದನ್ನು ಆಗುವುದಿಲ್ಲ ಎಂದರಲ್ಲ ಎಂದು ಅಮ್ಮ ಕಣ್ಣರಳಿಸಿ ನೋಡಿದಳು. ಮನೆಯಿಂದ ಹೊರಟ ಮೇಲೆ ಮೊದಲ ಸಲ ಅವಳು ಬುಟ್ಟಿಯ ಹಿಡಿಯನ್ನು ಬಿಟ್ಟಳು.

ಅಪ್ಪ ಎದೆಯುಬ್ಬಿಸಿದ. ಗಿರಾಕಿಯ ಮುಂದೆ ತನ್ನ ಹೊಲಿಗೆಯ ಬಗ್ಗೆ ಮಾತಾಡುವಾಗಿನ ದನಿ ಬಂತು. "ನಾವು ದರ್ಜಿಗಳು ಡಾಕ್ಟ್ರೇ, ದಾರ ಇದ್ದೇ ಇರುತ್ತೆ. ಆದರೆ ನಮ್ಮಲ್ಲಿ ಒಂದೆಳೆ ಹೊರಗೆ ಬಿದ್ದಿರಲ್ಲ. ಬಿದ್ದದ್ದನ್ನೆಲ್ಲ ನನ್ನ ಮಗಳು ಆರಿಸಿ ಡಬ್ಬಕ್ಕೆ ಹಾಕ್ತಾಳೆ. ಈ ವಿಷಯದಲ್ಲಿ ಅವಳ ಮೇಲೆ ಕಣ್ಣು ಮುಚ್ಚಿ ನಂಬಿಕೆ ಇಡಬಹುದು."

ಅವಳನ್ನು ಅಪ್ಪ ಹೊರಗಿನವರ ಮುಂದೆ ಹೊಗಳಿದ್ದು ಕಡಿಮೆ. ಗುಂಡಿಯ ಜೋಕು ಹೇಳುತ್ತಿದ್ದನೇ ಹೊರತು ಹೀಗೆ ಹೇಳಿದವನಲ್ಲ. ಬೇರೆ ದಿನವಾಗಿದ್ದರೆ ಅವಳು ಈ ಮಾತನ್ನು ವರ್ಷಗಟ್ಟಲೆ ಮನಸ್ಸಿನಲ್ಲಿ ಮಡಿಸಿಟ್ಟುಕೊಳ್ಳುತ್ತಿದ್ದಳು. ಇವತ್ತು ಬುಟ್ಟಿಯ ಶಾಲಿನಿಂದ ಎದ್ದಿದ್ದ ಒಂದು ಎಳೆಯನ್ನು ಒಳಕ್ಕೆ ತುರುಕಿದಳು.

ಡಾಕ್ಟರು ತಲೆದೂಗಿ ಇಂಜೆಕ್ಷನ್ನಿನ ತಟ್ಟೆಯ ಕಡೆ ಕೈ ಚಾಚಿದರು. ಮತ್ತೆ ಏನನ್ನಿಸಿತೋ, ಕೈಯನ್ನು ಅಲ್ಲೇ ತಡೆದು ಅವಳ ಕಡೆ ತಿರುಗಿದರು. "ಬೆಕ್ಕಿನ ಜೊತೆ ಜಾಸ್ತಿ ಹೊತ್ತು ಇರೋದು ಯಾರು, ನೀವಾ? ನೀವೇನಾದ್ರೂ ನೋಡಿದ್ರಾ? ಖಚಿತವಾಗಿ ಗೊತ್ತಿಲ್ಲ ಅಂದ್ರೂ ಪರವಾಗಿಲ್ಲ."

ಕೇಳಿ ಸುಮ್ಮನೆ ಕಾದರು. ಗಡಿಯಾರ ನೋಡಲಿಲ್ಲ. ಪರದೆಯ ಆಚೆ ಯಾರದೋ ನಾಯಿ ಬೊಗಳಿತು, ಆ ಕಡೆಗೂ ತಿರುಗಲಿಲ್ಲ.

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ಹೇಳಿದರೆ ಅಪ್ಪನ ಮಾತು ಸುಳ್ಳಾಗುತ್ತದೆ, ಡಾಕ್ಟರ ಮುಂದೆಯೇ. ಅಮ್ಮನಿಗೆ ಮೇಜಿನ ವಿಷಯ ತಿಳಿಯುತ್ತದೆ. ಗೋದಾಮು. ಅದೂ ಅಲ್ಲದೆ ಅವಳು ನೋಡಿದ್ದು ನಿಜವೇ? ಆ ತುದಿ ಒಳಗೆ ಸರಿದದ್ದು, ಅವಳು ನೆಲದಿಂದ ಎತ್ತಿದ ದಾರ, ಡಬ್ಬ, ಎಲ್ಲ ಸಿಕ್ಕುಬಿದ್ದ ನೂಲಿನ ಉಂಡೆಯ ಹಾಗೆ. ತುದಿ ಯಾವುದು, ಬುಡ ಯಾವುದು? ಬೆಳಗಿನಿಂದ ಅವಳು ಆ ಉಂಡೆಯನ್ನು ಬಿಡಿಸಿಕೊಂಡು ಆಮೇಲೆ ಹೇಳೋಣ ಎಂದುಕೊಂಡಿದ್ದಳು. ಆದರೆ ಈ ಡಾಕ್ಟರು ಬಿಡಿಸಿಕೊಂಡು ಬಾ ಎನ್ನುತ್ತಿಲ್ಲ. ಉಂಡೆ ಹೇಗಿದೆಯೋ ಹಾಗೇ ಕೈಗೆ ಕೊಡು ಎನ್ನುತ್ತಿದ್ದಾರೆ.

ಬಾಬಿನ್ ಕುತ್ತಿಗೆ ಚಾಚಿ ಏನನ್ನೋ ನುಂಗಲು ಹೋಗಿ, ನುಂಗಲಾಗದೆ ಮತ್ತೆ ತಲೆ ಕೆಳಗಿಟ್ಟಿತು.

"ದಾರ," ಎಂದಳು ಅವಳು. ದನಿ ಕೀರಲಾಗಿ ಬಂತು. ಇನ್ನೊಮ್ಮೆ ಹೇಳಿದಳು. "ಕೆಂಪು ದಾರ. ಕಚ್ಚಾ ಹೊಲಿಗೇದು. ನಿನ್ನೆ ಮೇಜಿನ ಮೇಲೆ ನಾನೇ ಆಡಿಸ್ತಾ ಇದ್ದೆ. ಬಾಯೊಳಗೆ ಹೋಗಿದ್ದು ನೋಡಿದೆ. ಪೂರ್ತಿ ನುಂಗಿತಾ ಅಂತ ನನಗೆ ಗೊತ್ತಿಲ್ಲ."

ಕಥೆ ಇಲ್ಲಿಗೆ ನಿಂತಿತು. ಬಾಬಿನ್ ಏನಾಯಿತು ಎಂದು ಹೇಳದೆ ನಿಮ್ಮನ್ನು ಕಳಿಸುವುದಿಲ್ಲ. ಇಂಜೆಕ್ಷನ್ ಕೊಟ್ಟು ಮತ್ತು ಬರಿಸಿ ಬಾಯಿ ತೆಗೆದಾಗ ದಾರ ನಾಲಿಗೆಯ ಬುಡಕ್ಕೆ ಕುಣಿಕೆ ಹಾಕಿಕೊಂಡಿತ್ತು, ಉಳಿದದ್ದು ಒಳಗೆ ಇಳಿದಿತ್ತು. ದಾರ ಕಂಡರೆ ಎಳೆಯುವುದು ದರ್ಜಿಯ ಕೈಗೆ ಹುಟ್ಟುಗುಣ. ಅಪ್ಪನ ಎರಡು ಬೆರಳು ಆಗಲೇ ಮುಂದೆ ಹೋಗಿದ್ದವು. ಡಾಕ್ಟರು ಆ ಕೈಯನ್ನು ಹಿಡಿದು ನಿಲ್ಲಿಸಿದರು. ಎಳೆದರೆ ಗರಗಸದ ಹಾಗೆ ಕರುಳನ್ನು ಕೊಯ್ಯುತ್ತದೆ. ನೀವೂ ನೆನಪಿಡಿ: ಬಾಯಲ್ಲಾಗಲಿ ಬಾಲದ ಕೆಳಗಾಗಲಿ ದಾರದ ತುದಿ ಕಂಡರೆ ಎಳೆಯಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ. ದೊಡ್ಡ ಆಸ್ಪತ್ರೆಯಲ್ಲಿ ಅದೇ ದಿನ ಆಪರೇಷನ್ ಆಯಿತು. ಈಗ ಬಾಬಿನ್ ಹೊಟ್ಟೆಯ ಮೇಲೆ ಒಂದು ಹೊಲಿಗೆಯ ಸಾಲಿದೆ. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ, ಕೈ ಚೆನ್ನಾಗಿದೆ ಎಂದ. ಗೋದಾಮಿನ ಮಾತನ್ನು ಅಮ್ಮ ಮತ್ತೆ ಎತ್ತಲಿಲ್ಲ. ದಾರದ ಡಬ್ಬಕ್ಕೆ ಬಿಗಿಯಾದ ಮುಚ್ಚಳ ತಂದಳು. ಕ್ಲಿನಿಕ್ಕಿನ ಆ ವಾರೆ ಪರದೆಯನ್ನು ಬಿಚ್ಚಿಸಿ ತಂದು ತಾನೇ ನೇರ ಹೊಲಿದು ಕೊಟ್ಟಳು. ಬೀದಿಯಲ್ಲಿ ಯಾರ ಮನೆಯ ಪ್ರಾಣಿ ಮಂಕಾದರೂ ಈಗ ಮೊದಲು ಕೇಳುವವಳು ಅಮ್ಮನೇ: ಅಳತೆ ತೆಗೆಯೋ ಡಾಕ್ಟರು ಗೊತ್ತಾ ನಿಮಗೆ?

ನಿಮ್ಮನ್ನೂ ಅದನ್ನೇ ಕೇಳುತ್ತೇವೆ. ನಿಮ್ಮ ಮನೆಯಲ್ಲಿ ಬಾಲ ಅಲ್ಲಾಡಿಸುವುದೋ ರೆಕ್ಕೆ ಬಡಿಯುವುದೋ ಒಂದು ಜೀವವಿದ್ದರೆ, ಅದು ಚೆನ್ನಾಗಿ ಉಂಡು ಮಲಗಿರುವ ಇವತ್ತೇ ಎದ್ದು ಹತ್ತಿರದ ಪಶುವೈದ್ಯರ ಕ್ಲಿನಿಕ್ಕಿಗೆ ಒಮ್ಮೆ ಹೋಗಿ ಬನ್ನಿ. ಲಸಿಕೆಯ ನೆಪದಲ್ಲಿ ಹೋಗಿ. ಮುಟ್ಟಿ ನೋಡುತ್ತಾರಾ, ಕೇಳುತ್ತಾರಾ, ಕೇಳಿ ಕಾಯುತ್ತಾರಾ, ಗಮನಿಸಿ. ಸರಿಹೋಗದಿದ್ದರೆ ನಮಸ್ಕಾರ ಹೇಳಿ ಇನ್ನೊಂದು ಬಾಗಿಲಿಗೆ ನಡೆಯಿರಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸರಿಹೋದರೆ ಅವರ ನಂಬರನ್ನು ಮನೆಯವರಿಗೆಲ್ಲ ಕಾ‌ಣುವ ಕಡೆ ಅಂಟಿಸಿ. ಮತ್ತೆ ಆ ಮೇಜಿನ ಮುಂದೆ ನಿಂತ ದಿನ ಕಂಡದ್ದನ್ನು ಕಂಡ ಹಾಗೆ ಹೇಳಿ. ತಪ್ಪು ನಿಮ್ಮದೇ ಆಗಿದ್ದರೂ ಹೇಳಿ, ಅರ್ಧಂಬರ್ಧ ಗೊತ್ತಿದ್ದರೂ ಹೇಳಿ. ಆ ಹುಡುಗಿಗೇ ಬಾಯಿ ಬಂತು, ನಿಮಗೆ ಬಾರದೇ?